ಹಸುವಿನ ಹಿಂಗಾಲು

ಕ್ರಿಸ್‌ಮಸ್ ಬಂತೆಂದರೆ ಹಲ್ ಎಂಬ ನಮ್ಮ ಬಂದರು ಪಟ್ಟಣದ ನಾಟಕಶಾಲೆಯಲ್ಲಿ ಗಂಡು ಹೆಣ್ಣಾಗುತ್ತದೆ, ಹೆಣ್ಣು ಗಂಡಾಗುತ್ತದೆ. ರಾಜಕುಮಾರನ ಪಾತ್ರಕ್ಕೆ ಬಿಗಿ ಚಡ್ಡಿಯ ಹೆಂಗಸು, ಮುದುಕಿಯ ಪಾತ್ರಕ್ಕೆ ಲಂಗ ತೊಟ್ಟ ಗಂಡಸು. ಊರಿನ ಪಾದ್ರಿಯೂ ಮುಂದಿನ ಸಾಲಿನಲ್ಲಿ ಕೂತು ನಗುತ್ತಾನೆ, ಹೆಚ್ಚಾಗಿ ಚಡ್ಡಿಯ ಕಡೆಗೇ ನೋಡಿಕೊಂಡು. ನಾನು ಹೆಟ್ಟಿ, ಅಲ್ಲಿ ವೇಷಭೂಷಣ ನೋಡಿಕೊಳ್ಳುವವಳು. ಮುದುಕಿ ಪಾತ್ರದ ಸೆಪ್ಟಿಮಸ್‌ಗೆ ಕುದುರೆಗೂದಲು ತುಂಬಿ ಎದೆ ಹೊಲಿದುಕೊಡುವುದೂ ನನ್ನದೇ ಕೆಲಸ. ಪ್ರತಿವರ್ಷವೂ ಅವನಿಗೆ ಹೋದ ವರ್ಷದ್ದಕ್ಕಿಂತ ದೊಡ್ಡದು ಬೇಕು.

ನಮ್ಮ ರಾಜಕುಮಾರ ಡೋರ್ಕಸ್. ಅವಳು ತೊಡೆ ತಟ್ಟಿ ನಿಂತರೆ ಗ್ಯಾಲರಿಯ ಹಮಾಲರು ಸಿಳ್ಳೆ ಹೊಡೆದು ಚಾವಣಿ ಹಾರಿಸುತ್ತಿದ್ದರು. ಆ ವರ್ಷ ಮಾತ್ರ ಯಜಮಾನ ಗ್ರಿಮ್‌ಶಾ ಅವಳ ಪಾತ್ರವನ್ನು ವಿನಿ ಎಂಬ ಎಳೆ ಹುಡುಗಿಗೆ ಕೊಟ್ಟ.

"ನಿನಗೂ ವಯಸ್ಸಾಯ್ತಲ್ಲಮ್ಮ," ಅಂದ.

"ಆಯ್ತು. ಹಾಗಾದ್ರೆ ಮುದುಕಿ ಪಾತ್ರ ಕೊಡಿ."

"ಹೆಂಗಸೇ ಮುದುಕಿ ಆದ್ರೆ ಯಾರು ನಗ್ತಾರೆ? ಅಯ್ಯೋ ಪಾಪ ಅಂತಾರೆ. ಅದಕ್ಕೆ ಗಂಡಸೇ ಬೇಕು."

"ಮತ್ತೆ ನನಗೇನಿದೆ?"

"ಹಸು ಇದೆ. ಹಿಂದಿನ ಕಾಲು."

ಒಪ್ಪದಿದ್ದರೆ ರಂಗ ಬಿಟ್ಟು, ತಂಗಿಯ ಮನೆ ಸೇರಿ ಊರವರ ಬಟ್ಟೆ ಒಗೆಯಬೇಕು. ಡೋರ್ಕಸ್ ಒಪ್ಪಿಕೊಂಡಳು. ನನಗೆ ಮೈಯೆಲ್ಲ ಉರಿದುಹೋಯಿತು.

"ಬಗ್ಗಿ ಆ ಜೆಮ್‌ನ ಸೊಂಟ ಹಿಡ್ಕೊಂಡು ಓಡಾಡ್ತೀಯೇನೇ?" ಅಂದೆ. ನಮ್ಮ ಹಸುವಿನ ವೇಷದೊಳಗೆ ಇಬ್ಬರು ಇರುತ್ತಾರೆ; ಜೆಮ್ ಅಂದರೆ ಅದರ ಮುಂಗಾಲು.

"ಹಿಂಗಾಲಾದ್ರೂ ರಂಗದ ಮೇಲೇ ಇರುತ್ತೆ ಕಣೇ. ಮಧ್ಯಾಹ್ನ ಬಟಾಣಿ ತಿನ್ನಬೇಡ ಅಂತ ಮಾತ್ರ ಅವನಿಗೆ ಹೇಳು."

ನಮ್ಮಲ್ಲೊಂದು ಕಟ್ಟಳೆಯಿದೆ. ನಾಟಕದ ಕಟ್ಟಕಡೆಯ ಎರಡು ಸಾಲನ್ನು ತಾಲೀಮಿನಲ್ಲಿ ಯಾರೂ ಬಾಯಿಬಿಟ್ಟು ಹೇಳಕೂಡದು, ಹೇಳಿದರೆ ಆಟ ಕೆಡುತ್ತದೆ. ಮೊದಲ ಆಟದ ದಿನವೇ ರಾಜಕುಮಾರ ಅದನ್ನು ಮೊದಲ ಸಲ ಹೇಳಬೇಕು. ವಿನಿ ತಾಲೀಮಿನುದ್ದಕ್ಕೂ ಆ ಜಾಗ ಬಂದಾಗಲೆಲ್ಲ ತುಟಿ ಬಿಗಿಹಿಡಿದಿದ್ದಳು. ಮೊದಲ ಆಟದ ಮಧ್ಯಾಹ್ನವೂ ಹಾಗೇ ಬಿಗಿಹಿಡಿದು ನಿಂತುಬಿಟ್ಟಳು.

ವಾದ್ಯ ನಿಂತಿತು. ಪರದೆಯವನು ಹಗ್ಗ ಹಿಡಿದು ಕಾದ. ಮರೆತ ಮಾತು ಎತ್ತಿಕೊಡಬೇಕಾದವನೂ ಅಪಶಕುನಕ್ಕೆ ಹೆದರಿ ಆ ಸಾಲನ್ನು ಬರೆದಿಟ್ಟುಕೊಂಡಿರಲಿಲ್ಲ. ಗ್ಯಾಲರಿಯಿಂದ ಕಿತ್ತಳೆ ಸಿಪ್ಪೆ ಬಂದು ಬಿತ್ತು.

"ಬಾಯಿಗೆ ಬೀಗ ಹಾಕಿದ್ಯಾರೋ?" ಎಂದು ಯಾರೋ ಕೂಗಿದರು. ವಿನಿ ಹಿಂದೆ ಸರಿದು ಹಸುವಿಗೆ ತಾಗಿ ನಿಂತಳು.

ಡೋರ್ಕಸ್ ಸುಮ್ಮನಿದ್ದಿದ್ದರೆ ಮರುದಿನ ಪಾತ್ರ ತಾನಾಗಿ ಅವಳ ಬಳಿಗೇ ಬರುತ್ತಿತ್ತು. ಸುಮ್ಮನಿರೇ ಮಾರಾಯ್ತಿ ಎಂದು ನಾನು ರಂಗದ ಪಕ್ಕದ ಮರೆಯಲ್ಲಿ ನಿಂತು ದೇವರಿಗೆ ಮೊರೆಯಿಟ್ಟೆ. ಆದರೆ ಹಸುವಿನ ಹಿಂಭಾಗ ಮಾತಾಡಿತು.

"ಮೇವು ತಿನ್ನೋದು ಮುಂಭಾಗ, ಹಾಲು ಕೊಡೋದು ಹಿಂಭಾಗ;
ಮುಖಕ್ಕೆ ಮಾತ್ರ ಹಾರ ಹಾಕಿದರೆ ಒದೆಯದೆ ಬಿಟ್ಟೀತೆ ಈ ಭಾಗ?"

ತಾನೇ ಕಟ್ಟಿದ ಈ ಎರಡು ಸಾಲು ಹೇಳಿದ್ದೇ ತಡ, ಪಕ್ಕದಲ್ಲಿದ್ದ ಸೆಪ್ಟಿಮಸ್‌ಗೆ ಝಾಡಿಸಿ ಒಂದು ಒದೆ. ಅವನ ಎದೆ ಜಾರಿ ಹೊಟ್ಟೆಗೆ ಬಂತು. ಪಾದ್ರಿ ನಕ್ಕೂ ನಕ್ಕೂ ಕುರ್ಚಿಯಿಂದ ಕೆಳಗೇ ಉರುಳಿದ. ಗ್ಯಾಲರಿ ಆ ದನಿಯ ಗುರುತು ಹಿಡಿಯಿತು: "ಡೋರ್ಕಸ್! ಲೋ, ನಮ್ಮ ಡೋರ್ಕಸ್ ಕಣ್ರೋ!" ವಿನಿ ಹಸುವಿನ ಬೆನ್ನಿಗೆ ಮುಖ ಒತ್ತಿ ಅತ್ತಳು. ಜನ ಅದಕ್ಕೂ ಚಪ್ಪಾಳೆ ತಟ್ಟಿದರು.

ಪರದೆ ಬಿದ್ದಕೂಡಲೇ ಗ್ರಿಮ್‌ಶಾ ಓಡಿಬಂದ. "ನಾಳೇನೂ ಇದನ್ನೇ ಹೇಳು!"

ಡೋರ್ಕಸ್ ಹಸುವಿನಿಂದ ತಲೆ ಹೊರಗೆ ಹಾಕಿದಳು. ಕೂದಲೆಲ್ಲ ಬೆವರಿಗೆ ಹಣೆಗಂಟಿತ್ತು. "ಹೇಳ್ತೀನಿ, ಮುದುಕಿ ಲಂಗ ಹಾಕ್ಕೊಂಡು. ನಗ್ತಾರೋ ಇಲ್ವೋ ನೋಡಿದ್ರಲ್ಲ."

"ಸೆಪ್ಟಿಮಸ್‌ನ ಎಲ್ಲಿ ಹಾಕ್ಲಿ?"

"ಹಸುವಿನ ಹಿಂದೆ ಜಾಗ ಖಾಲಿ ಇದೆ."

ಪರದೆಯ ಆಚೆ ಇನ್ನೂ ಅವಳ ಹೆಸರನ್ನೇ ಕೂಗುತ್ತಿದ್ದರು. ಗ್ರಿಮ್‌ಶಾ ಅತ್ತ ಕಿವಿಗೊಟ್ಟು, ಹರಳೆಣ್ಣೆ ಕುಡಿದವನ ಮುಖ ಮಾಡಿ ಹೂಂ ಅಂದ.

ನಾನು ಕುಣಿದುಕೊಂಡು ಹೋಗಿ ಲಂಗ, ಟೋಪಿ, ಕುದುರೆಗೂದಲಿನ ಎದೆ ಎಲ್ಲವನ್ನೂ ತಂದು ಅವಳ ಮುಂದೆ ಸುರಿದೆ. ಡೋರ್ಕಸ್ ಲಂಗ ಎತ್ತಿಕೊಂಡಳು, ಟೋಪಿ ಎತ್ತಿಕೊಂಡಳು. ಎದೆಯನ್ನು ಮಾತ್ರ ಎರಡು ಬೆರಳಲ್ಲಿ ಹಿಡಿದು ನನಗೇ ವಾಪಸು ಕೊಟ್ಟಳು.

"ಇದನ್ನ ಹಸುವಿಗೆ ಕೆಚ್ಚಲು ಮಾಡೇ," ಅಂದಳು. "ನನ್ನದು ಸ್ವಂತದ್ದಿದೆ."