ಗೋಡೆಗೆ ಒರಗಿ ಕೂತವರು

ಜಂಬಣ್ಣನ ಬಲ ಮೊಣಕಾಲು ಮಡಚಲೊಪ್ಪಲಿಲ್ಲ. ಚೌಡಪ್ಪ ಬಿಸಿನೀರಲ್ಲಿ ಅದ್ದಿದ ಟವೆಲನ್ನು ಅದರ ಮೇಲಿಟ್ಟು ಒತ್ತಿದ, ಕಾಲನ್ನು ಎತ್ತಿ ನೋಡಿದ, ಮತ್ತೆ ಒತ್ತಿದ.

"ಊರವರನ್ನೆಲ್ಲ ಕೂರಿಸಿ ಕಳಿಸ್ದೋನು. ಈಗ ತಾನು ಕೂರಲ್ಲ ಅಂತ ಹಟ ಮಾಡ್ತಾನೆ ನೋಡಿ," ಎಂದ.

ಸುಮನಾ ಅಡುಗೆಮನೆಯ ಬಾಗಿಲಿಗೆ ಆತು ನಿಂತಿದ್ದಳು. ಬೆಳಗಿನಿಂದ ಒಮ್ಮೆಯೂ ಕೂತಿರಲಿಲ್ಲ. ಅಪ್ಪ ಸತ್ತ ದಿನ ಮಗಳಾದವಳಿಗೆ ಇಂಥ ಯೋಚನೆ ಬರಬಾರದು ಎಂದು ಅವಳಿಗೂ ಗೊತ್ತಿತ್ತು. ಆದರೂ ತಲೆಯೊಳಗೆ ಓಡುತ್ತಿದ್ದದ್ದು ಅದೊಂದೇ: ಕೂತರೆ ಗೊತ್ತಾಗಿಬಿಡುತ್ತದೆ. ಹೈಸ್ಕೂಲಿನಿಂದ ಡೈರಿ ಬರೆಯುತ್ತ ಬಂದವಳು ಇದನ್ನು ಮಾತ್ರ ಡೈರಿಗೂ ಹೇಳಿರಲಿಲ್ಲ.

ಅವರಲ್ಲಿ ಸತ್ತವರನ್ನು ಮಲಗಿಸಿ ಒಯ್ಯುವುದಿಲ್ಲ. ಸ್ನಾನ ಮಾಡಿಸಿ, ಕಾಲು ಮಡಚಿ, ಗೋಡೆಗೆ ಒರಗಿಸಿ, ಹಣೆಗೆ ವಿಭೂತಿ ಬಳಿದು ಕೂರಿಸುತ್ತಾರೆ. ಮಣ್ಣಿನೊಳಗೂ ಅವರು ಕೂತೇ ಇರುತ್ತಾರೆ. ಭದ್ರಾವತಿಯ ಈ ಬೀದಿಗಳಲ್ಲಿ ಆ ಕೆಲಸಕ್ಕೆ ಜನ ಕರೆಯುತ್ತಿದ್ದದ್ದು ಜಂಬಣ್ಣನನ್ನೇ. "ಸ್ವಲ್ಪ ಮಡಚಮ್ಮ, ಹಾಂ, ಆಯ್ತು ಆಯ್ತು" ಎಂದು ಹೆಣವನ್ನು ಮಾತಾಡಿಸುತ್ತಲೇ ಕೂರಿಸುತ್ತಿದ್ದ. ಕಾರ್ಖಾನೆಯಲ್ಲಿ ಅವನ ಜೊತೆ ದುಡಿದಿದ್ದ ಚೌಡಪ್ಪನಿಗೆ ಅದು ನೆನಪಾಗಿರಬೇಕು.

"ಮಡಚೋ ಮಾರಾಯ, ಬಿಸಿಲೇರುತ್ತೆ," ಎಂದ ಮೆಲ್ಲಗೆ. ಕಾಲು ಮಡಚಿತು.

ಆದರೆ ಗೋಡೆಗೆ ಒರಗಿಸಿದ ಕೂಡಲೇ ತಲೆ ಎಡಕ್ಕೆ ವಾಲಿತು. ನೆಟ್ಟಗೆ ಮಾಡಿದರು, ಮತ್ತೆ ವಾಲಿತು.

"ಕತ್ತು ನಿಲ್ಲಿಸ್ರಪ್ಪ," ಎಂದರು ಕ್ರಿಯೆ ಮಾಡಿಸಲು ಬಂದಿದ್ದ ವಿಶ್ವಾರಾಧ್ಯ ಅಯ್ಯನವರು.

"ಬದುಕಿದ್ದಾಗ್ಲೂ ಹಿಂಗೇ ಕೂರ್ತಿದ್ದ ಸ್ವಾಮಿ. ಯಾರೋ ಏನೋ ಹೇಳ್ತಾ ಇದ್ದಾರೆ, ಕಿವಿಗೊಟ್ಟು ಕೇಳ್ತಾ ಇದ್ದೀನಿ ಅನ್ನೋ ಥರ," ಎನ್ನುತ್ತ ಚೌಡಪ್ಪ ಬಿಳಿ ಬಟ್ಟೆಯೊಂದನ್ನು ಗಲ್ಲದಡಿಯಿಂದ ತಂದು ಗೋಡೆಯ ಮೊಳೆಗೆ ಕಟ್ಟಿದ.

ಸುಮನಾ ತನಗೆ ಗೊತ್ತಿಲ್ಲದಂತೆಯೇ ತನ್ನ ಕತ್ತನ್ನು ನೆಟ್ಟಗೆ ಮಾಡಿಕೊಂಡಳು.

*

"ಕೂತ್ಕೋ ಮಗಳೇ," ಎಂದಿದ್ದ ಅಪ್ಪ, ಹಿತ್ತಲಿನ ವೆಲ್ಡಿಂಗ್ ಶೆಡ್ಡಿನಲ್ಲಿ. ಕಾರ್ಖಾನೆಯ ಕೆಲಸ ಹೋದ ಮೇಲೆ ಗೇಟು, ಕಿಟಕಿ ಸರಳು ಮಾಡಿಕೊಂಡಿದ್ದವನಿಗೆ ಅಂಥ ಕೆಲಸ ಅದೇ ಮೊದಲು.

"ಶಿವಮೊಗ್ಗದಲ್ಲಿ ಲೈಬ್ರರಿ ಮುಂದೆ ಸೈಕಲ್ ಸ್ಟ್ಯಾಂಡ್ ಬೇಕಂತೆ. ಬರೀ ಕಂಬಿ ಬೇಡ, ನೋಡೋಕೂ ಚಂದ ಇರ್ಬೇಕು ಅಂದ್ರು. ಕಟ್ಟೆ ಮೇಲೆ ಹರಟೆ ಹೊಡೀತಾ ಕೂತಿರ್ತಾರಲ್ಲ, ಅಂಥ ಜನಾನ ಮಾಡ್ತೀನಿ. ಸೈಕಲ್ ತಂದೋರು ಮುಂದಿನ ಚಕ್ರಾನ ಅವರ ತೋಳೊಳಗೆ ಇಟ್ಟು ಹೋಗೋದು. ಒಂಚೂರು ಮಗೂನ ಹಿಡ್ಕೊಳಮ್ಮ ಅಂತ ಪಕ್ಕದ ಮನೆಯೋಳ ಕೈಗೆ ಕೊಟ್ಟು ಹೋಗ್ತಾರಲ್ಲ, ಹಂಗೆ."

ಹಳೆಯ ಚಕ್ರವೊಂದನ್ನು ಅವಳ ತೊಡೆಯ ಮೇಲಿಟ್ಟ. ಅವಳು ಎರಡೂ ತೋಳುಗಳಿಂದ ಅದನ್ನು ಬಳಸಿ ಹಿಡಿದಳು. ಅಪ್ಪ ದಾರ ಹಿಡಿದು ಭುಜ, ಮೊಣಕೈ, ಮಂಡಿ ಎಲ್ಲ ಅಳೆದ.

"ಕತ್ತು ನೆಟ್ಟಗೆ ಮಾಡ್ಕೊಳ್ಲಾ?"

"ಬೇಡ. ಅದು ನಂದು. ಹಂಗೇ ಇರ್ಲಿ."

ಅವಳೊಬ್ಬಳ ಅಳತೆಯಲ್ಲೇ ಕಬ್ಬಿಣದ ಏಳು ಜನ ಎದ್ದರು. ಯಾರಿಗೂ ಮುಖವಿರಲಿಲ್ಲ. ಎಲ್ಲರ ಕತ್ತೂ ಎಡಕ್ಕೆ ಒಂದಿಷ್ಟು ವಾಲಿತ್ತು.

*

ಲೈಬ್ರರಿಯ ಕಾಂಪೌಂಡಿಗೆ ಒರಗಿಸಿ ಅವರನ್ನು ಸಾಲಾಗಿ ಕೂರಿಸಿದ್ದೇ ತಪ್ಪಾಯಿತು. ಮೊದಲ ಮಳೆಗೆ ಗೋಡೆಯ ಸುಣ್ಣ ಕರಗಿ ಏಳೂ ತಲೆಗಳ ಮೇಲಿಂದ ಹಣೆಗೆ ಇಳಿಯಿತು. ಬೆಳಿಗ್ಗೆ ಹಾಲು ಹಾಕಲು ಬಂದವನು ಅಲ್ಲಿ ಸೈಕಲ್ ನಿಲ್ಲಿಸದೆ ಕೈಮುಗಿದು ಹೋದನಂತೆ. ಯಾರೋ ಒಂದು ಕೊರಳಿಗೆ ಚೆಂಡುಹೂವಿನ ಹಾರ ಹಾಕಿದರು. ಹೆಣದ ಸ್ಟ್ಯಾಂಡ್ ಎಂಬ ಹೆಸರು ಬಿತ್ತು. ಸೈಕಲ್‌ಗಳೆಲ್ಲ ರಸ್ತೆಯಾಚೆಯ ಹೊಂಗೆಮರಕ್ಕೆ ಒರಗಿದವು. ಕಬ್ಬಿಣದವರು ಖಾಲಿ ತೋಳು ಚಾಚಿಕೊಂಡು ಅವುಗಳನ್ನೇ ನೋಡುತ್ತ ಕೂತರು.

ರೈಲಿಳಿದು ಕಾಲೇಜಿಗೆ ಹೋಗುವಾಗ ಸುಮನಾ ಅವರೆದುರೇ ಹಾಯಬೇಕಿತ್ತು. ಹಾರ ಬಿದ್ದ ಕೊರಳನ್ನು ಕಂಡ ದಿನ ಅವಳ ಕೈ ತನ್ನ ಕೊರಳಿಗೆ ಹೋಯಿತು.

"ಬಾರೇ ಮಾರಾಯ್ತಿ, ಹೆಣಗಳ ಮುಂದೆ ಏನ್ ನಿಂತಿದೀಯ," ಎಂದು ಗೆಳತಿ ರಶ್ಮಿ ಎಳೆದಳು. ಸುಮನಾ ನಕ್ಕುಬಿಟ್ಟಳು. ಅಂದಿನಿಂದ ರಾತ್ರಿ ಮಗ್ಗುಲಾದಾಗೆಲ್ಲ ಎಲ್ಲೋ ತಾನು ಸಾಲಾಗಿ ಕೂತಿದ್ದೇನೆ, ನೆನೆಯುತ್ತಿದ್ದೇನೆ ಅನ್ನಿಸುತ್ತಿತ್ತು.

ಅಮ್ಮ ಜಗದಾಂಬಾ ಅಪ್ಪನಿಂದ ಮಾತು ತೆಗೆದುಕೊಂಡಿದ್ದಳು. "ಇವಳನ್ನ ನೋಡಿ ಮಾಡಿದ್ದು ಅಂತ ಸತ್ರೂ ಬಾಯಿ ಬಿಡ್ಬೇಡಿ. ಮದುವೆ ಆಗ್ಬೇಕಾದ ಹುಡುಗಿ. ಹೆಣದ ಗುರುತಿನೋಳನ್ನ ಯಾರು ಮನೆ ತುಂಬಿಸ್ಕೊತಾರೆ?"

ಅಪ್ಪ ಬಾಯಿ ಬಿಡಲಿಲ್ಲ. ಯಾರಾದರೂ ಕೆಣಕಿದರೆ, "ಹೂಂ ಕಣಪ್ಪ, ಸತ್ತೋರನ್ನ ಕೂರಿಸಿ ಕೂರಿಸಿ ಕೈಗೆ ಅದೇ ಬಂತು," ಎಂದು ತಾನೇ ನಗುತ್ತಿದ್ದ. ಮಳೆ ಬಂದ ಮರುದಿನ ಮಾತ್ರ ಮೊದಲ ರೈಲಿಗೆ ಹೋಗಿ, ಚಿಂದಿಬಟ್ಟೆಯಿಂದ ಏಳೂ ಹಣೆ ಉಜ್ಜಿ ಬರುತ್ತಿದ್ದ. ನಿನ್ನೆಯೂ ಹೋಗಿದ್ದ. ಬಂದವನು ಎದೆ ನೀವಿಕೊಳ್ಳುತ್ತ ಮಲಗಿದ, ಏಳಲಿಲ್ಲ.

*

"ಉಗುರೊಳಗಿನ ಸುಣ್ಣ ಎಷ್ಟು ತೊಳೆದ್ರೂ ಹೋಗ್ಲಿಲ್ಲ," ಎಂದ ಚೌಡಪ್ಪ, ಜಂಬಣ್ಣನ ಕೈಗಳನ್ನು ಮಡಿಲಲ್ಲಿ ಕೂಡಿಸುತ್ತ.

"ಸುಣ್ಣ ಬಳಿಯೋ ಕೆಲಸಾನೂ ಮಾಡ್ತಿದ್ರಾ?" ಎಂದು ಕೇಳಿದವರು ಹೊಳೆಹೊನ್ನೂರಿನ ಚಂದ್ರಹಾಸ. ಮಗನಿಗೆಂದು ಹೋದ ತಿಂಗಳು ಸುಮನಾಳನ್ನು ನೋಡಿ ಹೋಗಿದ್ದರು. ಇನ್ನೂ ಏನೂ ಹೇಳಿ ಕಳಿಸಿರಲಿಲ್ಲ. ಇವತ್ತು ದೊಡ್ಡ ಹಾರ ತಂದಿದ್ದರು.

ಅಮ್ಮನ ತಮ್ಮ ವೀರೇಂದ್ರ ಉತ್ತರ ಕೊಟ್ಟ. "ಇಲ್ಲ ಯಜಮಾನ್ರೆ. ಶಿವಮೊಗ್ಗದಲ್ಲಿ ಹೆಣದ ಸ್ಟ್ಯಾಂಡ್ ಇದೆಯಲ್ಲ, ಅದು ನಮ್ಮ ಭಾವಂದೇ. ಅಲ್ಲಿಯ ಸುಣ್ಣ ಅದು."

"ಶಿವನೇ, ಅದು ಇವರದ್ದಾ? ನಮ್ಮ ಹುಡುಗ ಆ ಕಡೆ ಬೈಕೂ ನಿಲ್ಸಲ್ಲ."

"ಏನ್ ಮಾಡೋದು, ಅವರ ಕೈಗೆ ಬರ್ತಿದ್ದಿದ್ದೇ ಹೆಣ," ಎಂದ ವೀರೇಂದ್ರ. ಸಾವಿನ ಮನೆಯಲ್ಲೂ ಒಂದಿಬ್ಬರು ತುಟಿಯೊಳಗೇ ನಕ್ಕರು.

ಹೊರಗೆ ಕೂರಿಸಿ ಹೊರುವ ವಿಮಾನಕ್ಕೆ ಬಾಳೆದಿಂಡು ಕಟ್ಟಿ ಮುಗಿದಿತ್ತು. "ಇನ್ನು ಎತ್ತೋಣ," ಎಂದರು ಅಯ್ಯನವರು.

ಎತ್ತಿದರೆ ಅಪ್ಪ ಬಾಯಿ ಬಿಡದೆ ಉಳಿಸಿಕೊಂಡ ಆ ಮಾತೂ ಅವನ ಜೊತೆಗೇ ಮಣ್ಣಿಗೆ ಇಳಿಯುತ್ತದೆ. ಸುಮನಾ ಬಾಗಿಲು ಬಿಟ್ಟು ಮುಂದೆ ಬಂದಳು. ಅವಳ ಮುಖ ನೋಡಿದ ಅಮ್ಮನಿಗೆ ತಿಳಿಯಿತು. ಬೇಡ ಎಂದು ತಲೆಯಾಡಿಸಿದಳು, ಪಕ್ಕದಲ್ಲೇ ಹಾದು ಹೋದ ದುಪಟ್ಟಾದ ಅಂಚನ್ನು ಹಿಡಿದಳು. ದುಪಟ್ಟಾ ಅಮ್ಮನ ಕೈಯಲ್ಲೇ ಉಳಿಯಿತು. ಕಾಲಿಗೆ ಬೀಳಲು ಬಂದಳೆಂದುಕೊಂಡು ಹೆಂಗಸರು ಜಾಗ ಬಿಟ್ಟರು.

ಅವಳು ಬೀಳಲಿಲ್ಲ. ಅಪ್ಪನ ಎಡಗಡೆ ಗೋಡೆಗೆ ಬೆನ್ನು ಕೊಟ್ಟು, ಕಾಲು ಮಡಚಿ ಕೂತಳು. ಎರಡೂ ತೋಳುಗಳನ್ನು ಮುಂದೆ ಚಾಚಿ, ಇಲ್ಲದ ಚಕ್ರವೊಂದನ್ನು ಬಳಸಿ ಹಿಡಿದಳು. ಕತ್ತು ತಾನಾಗಿ ವಾಲಿತು, ವಾಲಲು ಬಿಟ್ಟಳು. ಚಂದ್ರಹಾಸ ಅವಳನ್ನು ನೋಡಿದರು, ಜಂಬಣ್ಣನನ್ನು ನೋಡಿದರು, ಮತ್ತೆ ಅವಳನ್ನು ನೋಡಿದರು. ಮೊಳೆಗೆ ಕಟ್ಟಿದ ಬಟ್ಟೆ ಅಷ್ಟರಲ್ಲಿ ಸಡಿಲಾಗಿ, ಅಪ್ಪನ ತಲೆ ಕಿವಿಗೊಡುವವನ ಹಾಗೆ ಅವಳ ಕಡೆಗೆ ಬಾಗಿತ್ತು.

"ಅವು ಹೆಣ ಅಲ್ಲ," ಎಂದಳು ಸುಮನಾ. "ಅಪ್ಪ ನನ್ನ ಕೂರಿಸ್ಕೊಂಡು ಮಾಡಿದ್ದು. ಅಷ್ಟೂ ನಾನೇ."