ಟಿವಿಯೊಳಗಿನ ನಾರೆ

ಮಾಸಾನ್ ಬಂದರಿನ ಹಿಂದಿನ ಓಣಿಯಲ್ಲಿ ಹೆಂಗಸರ ಸಾರ್ವಜನಿಕ ಸ್ನಾನದ ಮನೆಯೊಂದಿದೆ. ಅಲ್ಲಿ ಬಂದವರ ಮೈ ಉಜ್ಜುವುದು ಓಕ್‌ಬುನ್‌ಳ ಕೆಲಸ. ಬರುವ ಹುಡುಗಿಯರಿಗೆಲ್ಲ ಅವಳು ಚಿಕ್ಕಮ್ಮ. ಮಗಳು ನಾರೆ ಬೆಳೆದದ್ದೂ ಆ ಹಬೆಯಲ್ಲೇ. ಬೇಯಿಸಿದ ಮೊಟ್ಟೆಯನ್ನು ಹಣೆಗೆ ಕುಟ್ಟಿ ಒಡೆದು, ಇಡಿಯಾಗಿ ಬಾಯಿಗೆ ತುರುಕಿಕೊಂಡು ನಗುತ್ತಿದ್ದ ದುಂಡು ಹುಡುಗಿ.

ಆ ದುಂಡುತನಕ್ಕೇ ಟಿವಿಯವರು ಅವಳನ್ನು ಆರಿಸಿಕೊಂಡರು. ‘ಹೊಸ ಹುಟ್ಟು’ ಅಂತ ಕಾರ್ಯಕ್ರಮ. ವಾರವಾರವೂ ಹುಡುಗಿಯರನ್ನು ತೂಕದ ಯಂತ್ರದ ಮೇಲೆ ನಿಲ್ಲಿಸಿ, ತೂಕ ಇಳಿದಷ್ಟೂ ಚಪ್ಪಾಳೆ ತಟ್ಟುತ್ತಿದ್ದರು. ನಾರೆ ಗೆದ್ದಳು. ಓಣಿಯವರು ಬ್ಯಾನರ್ ಕಟ್ಟಿದರು. ಕಾರ್ಯಕ್ರಮ ಮುಗಿಯಿತು, ನಾರೆಯ ಉಪವಾಸ ಮುಗಿಯಲಿಲ್ಲ. ‘ಗಲ್ಲ ಮತ್ತೆ ಊದ್ತಾ ಇದೆ ನೋಡಿ’ ಎಂದು ಯಾರೋ ಗುರುತಿಲ್ಲದವರು ಬರೆದದ್ದನ್ನು ಫೋನಿನಲ್ಲಿ ಓದಿ, ಬಾಯಲ್ಲಿದ್ದ ಒಂದು ತುತ್ತನ್ನೂ ತಟ್ಟೆಗೆ ಉಗಿದು ಏಳುತ್ತಿದ್ದಳು.

ಹೊಸವರ್ಷದ ಹಬ್ಬಕ್ಕೆ ಮಗಳನ್ನು ಮೈ ಉಜ್ಜುವ ಹಲಗೆಯ ಮೇಲೆ ಮಲಗಿಸಿಕೊಂಡಾಗ ಓಕ್‌ಬುನ್‌ಳ ಕೈ ಗಕ್ಕನೆ ನಿಂತಿತು. ಬೆನ್ನ ತುಂಬ ಹಕ್ಕಿಮರಿಯ ಹಾಗೆ ನವಿರು ರೋಮ.

“ಏನೇ ಇದು?”

“ಚಳಿಗೆ ಕಣಮ್ಮ. ಉಜ್ಜು ನೀನು.”

ಪಕ್ಕದಲ್ಲಿ ಮೀಯುತ್ತಿದ್ದವಳು “ಅಬ್ಬ, ಎಂಥಾ ಸೊಂಟ! ಹೆತ್ತವಳ ಪುಣ್ಯ ಬಿಡು” ಅಂದಳು. ಓಕ್‌ಬುನ್ ಬೀಗಿದಳು. ಕೈಗೆ ಸಿಕ್ಕಿದ್ದು ಬಾಯಿಗೆ ಬರಲಿಲ್ಲ. ಚಳಿ ಕಳೆಯುವ ಮೊದಲೇ ನಾರೆ ಬಸ್ಸಿಗೆ ಕಾಯುತ್ತ ನಿಂತಲ್ಲೇ ಕುಸಿದಳು. ಉಣ್ಣದೆ ಹೃದಯ ಸೋತಿತ್ತು, ಬೆನ್ನ ಮೇಲಿನ ರೋಮವೂ ಹಸಿವಿನದೇ ಅಂದರು ಡಾಕ್ಟರು.

ಮಾರನೆಯ ವರ್ಷ ಟಿವಿಯವರು ಅದೇ ಕಾರ್ಯಕ್ರಮವನ್ನು ಮತ್ತೆ ತೋರಿಸತೊಡಗಿದರು. ನಾರೆ ಸತ್ತ ಸುದ್ದಿ ಅದರಲ್ಲಿ ಎಲ್ಲೂ ಇಲ್ಲ. ಸ್ನಾನ ಮುಗಿಸಿದವರು ಹಜಾರದ ಕಾಯಿಸಿದ ನೆಲದ ಮೇಲೆ ಕಾಲು ಚಾಚಿ ನೋಡುತ್ತಿದ್ದರೆ, ಮಗಳು ಪರದೆಯಲ್ಲಿ ನಡೆದು ಬರುತ್ತಿದ್ದಳು.

“ಅಕ್ಕಾ, ಚಾನೆಲ್ ಬದಲಾಯಿಸ್ಲಾ?” ಸ್ನಾನದ ಮನೆಯ ಮಾಲಕಿ ಕೇಳುವಳು.

“ಬೇಡ ಕಣೇ, ಇರ್ಲಿ.”

ಮೊದಲ ಕಂತಿನಲ್ಲಿ ನಾರೆ ಇನ್ನೂ ಉಣ್ಣುತ್ತಿದ್ದಳು. ಜಗತ್ತಿನಲ್ಲಿ ಅವಳು ಉಣ್ಣುವ ಜಾಗ ಅದೊಂದೇ ಉಳಿದಿತ್ತು.

ಆ ದಿನಗಳಲ್ಲೇ ದಾಮಿ ಎಂಬ ಶಾಲೆಯ ಹುಡುಗಿ ತನ್ನ ಅಜ್ಜಿಯ ಜೊತೆ ಬರತೊಡಗಿದ್ದು. ಓಣಿಗೆ ಹೊಸಬರು. ಹುಡುಗಿ ಟಿವಿಗೆ ಮೂಗು ತಾಗಿಸಿ ಕೂರುತ್ತಿದ್ದಳು. “ಚಿಕ್ಕಮ್ಮ, ಈ ಅಕ್ಕನ್ನ ನೋಡಿ! ನಾನೂ ಹಿಂಗೇ ಆಗ್ತೀನಿ.”

ಹಲಗೆಯ ಮೇಲೆ ಅವಳ ಬೆನ್ನಿಗೆ ಕೈಯಿಟ್ಟಳು ಓಕ್‌ಬುನ್. ಅದೇ ರೋಮ.

“ಆ ಅಕ್ಕ ನನ್ನ ಮಗಳು ಕಣೇ. ಸತ್ತುಹೋದ್ಲು. ಅವಳ ಬೆನ್ನಲ್ಲೂ ಹಿಂಗೇ ಬಂದಿತ್ತು.”

“ಸುಳ್ಳು! ಈಗಷ್ಟೇ ನಗ್ತಿದ್ರಲ್ಲ?”

ಅಜ್ಜಿ ಓಡಿಬಂದಳು. “ಎಳೇ ಮಗೂಗೆ ಸಾವಿನ ಮಾತಾಡ್ತೀಯಲ್ಲೇ, ನಿನ್ನ ನಾಲಿಗೆಗೆ ಹುಳ ಬೀಳ!”

ಓಕ್‌ಬುನ್ ಮುದುಕಿಯ ಕೈ ಹಿಡಿದು ಮೊಮ್ಮಗಳ ಬೆನ್ನಿಗೆ ಒತ್ತಿದಳು. “ಬೈಯಿರಿ ಅಮ್ಮ, ಆಮೇಲೆ ಎಷ್ಟು ಬೇಕಾದ್ರೂ ಬೈಯಿರಿ. ಮೊದ್ಲು ಮುಟ್ಟಿ ನೋಡಿ.”

ಮುದುಕಿಯ ಬೆರಳು ಒಂದೊಂದೇ ಮೂಳೆಯ ಮೇಲೆ ತಡವರಿಸಿತು. ಬೈಗುಳ ನಿಂತಿತು. ಹುಡುಗಿಗೆ ಬಟ್ಟೆ ತೊಡಿಸಿ, ಆಸ್ಪತ್ರೆಗೆಂದು ರಟ್ಟೆ ಹಿಡಿದು ನಡೆಸಿದಳು. ಬಾಗಿಲ ಬಳಿ ದಾಮಿ ಕೊಸರಿಕೊಂಡು ತಿರುಗಿದಳು.

“ಚಿಕ್ಕಮ್ಮ, ಸಾಯೋವಾಗ ಆ ಅಕ್ಕ ಎಷ್ಟು ತೂಕ ಇದ್ರು?”

ಅವಳ ಕಣ್ಣಲ್ಲಿ ಭಯವಿರಲಿಲ್ಲ, ಆಸೆಯಿತ್ತು. ಓಕ್‌ಬುನ್‌ಗೆ ಉತ್ತರ ಗೊತ್ತಿತ್ತು. ಆ ಅಂಕಿ ಹುಡುಗಿಗೆ ಸಿಗಬಾರದೆಂದು ಬಾಗಿಲು ಮುಚ್ಚಿದಳು.

ಅವರು ಹೋದಮೇಲೆ ಒದ್ದೆ ಕಾಲಲ್ಲೇ ಹಜಾರಕ್ಕೆ ಬಂದಳು. ಪರದೆಯ ಮೇಲೆ ಮೊದಲ ಕಂತು ಮತ್ತೆ ಬಂದಿತ್ತು, ನಾರೆ ಬಾಯಿತುಂಬ ಅನ್ನವಿಟ್ಟುಕೊಂಡು ಏನೋ ಹೇಳಹೊರಟಿದ್ದಳು. ಓಕ್‌ಬುನ್ ಅವಳ ಬಾಯನ್ನೇ ನೋಡುತ್ತ ಗೋಡೆಯಿಂದ ವೈರು ಕಿತ್ತಳು.

“ಏನಾಯ್ತೇ ನಿಂಗೆ?” ಅಂದರು ಹೆಂಗಸರು. ಅವಳು ವೈರನ್ನು ಕೈಗೆ ಸುತ್ತಿಕೊಂಡು ಅಲ್ಲೇ ಕೂತಳು.

ದಾಮಿ ಇನ್ನೂ ಆಸ್ಪತ್ರೆಯಲ್ಲಿದ್ದಾಳೆ. ಒಂದು ದಿನ ಗಂಜಿಗೆ ಬಾಯಿ ತೆರೆಯುತ್ತಾಳಂತೆ, ಇನ್ನೊಂದು ದಿನ ಗೋಡೆ ಕಡೆ ತಿರುಗಿ ಮಲಗುತ್ತಾಳಂತೆ.