ಹೆಲಿಪ್ಯಾಡಿನ ಮೇಲೆ ಜೀಪು

ಕೊಲ್ಲೂರಿಗೆ ಯಾತ್ರಿಕರನ್ನು ಕರೆತರುವ ಹೆಲಿಕಾಪ್ಟರ್ ಕಂಪನಿಯೊಂದರಲ್ಲಿ ಹಂಗಾರಕಟ್ಟೆಯ ರತ್ನಳಿಗೆ ಕೆಲಸ. ಹೆಲಿಪ್ಯಾಡ್ ಗುಡಿಸಬೇಕು, ದನ ಓಡಿಸಬೇಕು, ಬೆಂಕಿ ಆರಿಸುವ ಸಿಲಿಂಡರ್ ನೋಡಿಕೊಳ್ಳಬೇಕು. 2012ರಲ್ಲಿ ಮಂಗಳೂರಿನಲ್ಲಿ ತರಬೇತಿಯೂ ಆಯಿತು. "ಅಪಘಾತ ಆದ ಮೇಲೆ ಕಾರಣ ಹುಡುಕಿದರೆ ಸಾಲದು. ಈಗ ದೇಶಕ್ಕೆಲ್ಲ ಹೊಸ ಪದ್ಧತಿ. ಅಪಾಯ ಕಂಡವರು, ಕಸ ಗುಡಿಸುವವರಾದರೂ ಸರಿ, ಮೊದಲೇ ಬರೆದುಕೊಡಬೇಕು," ಎಂದಿದ್ದರು ದೆಹಲಿಯ ವಿಮಾನಯಾನ ಇಲಾಖೆಯ ಅಧಿಕಾರಿ. ದೋಣಿ ಬಿರುಕು ಬಿಟ್ಟಿದೆಯೆಂದು ಗೊತ್ತಿದ್ದೂ ಯಾರೂ ಬಾಯಿ ಬಿಡದೆ, ಅಳಿವೆಯಲ್ಲಿ ಗಂಡನನ್ನು ಕಳೆದುಕೊಂಡವಳು ರತ್ನ. ಆ ಮಾತು ಅವಳ ಎದೆಗೆ ನಾಟಿತ್ತು.

ಡಿಸೆಂಬರಿನಲ್ಲಿ ಲಾಡ್ಜ್ ಕಟ್ಟುವವರು ಸಾಮಾನು ಸಾಗಿಸಲು ಗುಡ್ಡದಿಂದ ಗುಡ್ಡಕ್ಕೆ ಉಕ್ಕಿನ ಹಗ್ಗ ಎಳೆದರು. ಹೆಲಿಕಾಪ್ಟರ್ ಇಳಿಯುವ ದಾರಿಗೆ ಅದು ನೇರ ಅಡ್ಡ, ಮೇಲಿನಿಂದ ಕಾಣದಷ್ಟು ಸಪೂರ. ರತ್ನ ಮೂರು ಸಲ ಬರೆದುಕೊಟ್ಟಳು. ಮೂರನ್ನೂ ಮ್ಯಾನೇಜರ್ ಪ್ರೇಮಾನಂದ ಮೇಜಿನ ಖಾನೆಗೆ ತಳ್ಳಿದ. ಹಳೆಯ ಪೈಲಟ್‌ಗೆ ಅವಳೇ ಹೇಳಿದ್ದರಿಂದ ಅವನು ಹಗ್ಗ ತಪ್ಪಿಸಿ ಸುತ್ತು ಬಳಸಿ ಬರುತ್ತಿದ್ದ.

ಒಂದು ಬೆಳಿಗ್ಗೆ, ಹಗ್ಗದ ವಿಷಯ ಗೊತ್ತಿಲ್ಲದ ಹೊಸ ಪೈಲಟ್ ಹೊರಟಿದ್ದಾನೆಂದು ತಿಳಿಯಿತು. ರತ್ನ ಕುಂದಾಪುರದ ಆಫೀಸಿಗೆ ಫೋನ್ ಮಾಡಿದಳು.

"ಇಷ್ಟ್ ದಿನ ಎಂತಾದ್ರೂ ಆಯ್ತಾ? ಸುಮ್ನಿರ್," ಎಂದು ಪ್ರೇಮಾನಂದ ಫೋನಿಟ್ಟ.

ಅವಳು ಗುಡ್ಡದ ಬುಡಕ್ಕೆ ಓಡಿದಳು. "ಹ್ವಾಯ್, ಹಗ್ಗ ಇಳ್ಸಿ! ಹೆಲಿಕಾಪ್ಟರ್ ಬತ್ತಾ ಇತ್ತ್!"

"ಹಗ್ಗದ್ ನಡೂ ಮಧ್ಯ ಸಿಮೆಂಟ್ ಚೀಲ ನೇತಾಡ್ತಾ ಇತ್ತ್ ಮರಾಯ್ತಿ. ಅರ್ಧ ಗಂಟಿ ಬೇಕ್," ಎಂದ ಮೇಸ್ತ್ರಿ.

ಅರ್ಧ ಗಂಟೆ ಎಲ್ಲಿತ್ತು? ಏದುಸಿರು ಬಿಡುತ್ತ, ಇಳಿದ ಯಾತ್ರಿಕರನ್ನು ದೇವಸ್ಥಾನಕ್ಕೆ ಒಯ್ಯಲು ಹೆಲಿಪ್ಯಾಡಿನ ಬದಿಯಲ್ಲಿ ಕಾಯುತ್ತಿದ್ದ ಜೀಪಿನ ಸುಬ್ಬನ ಹತ್ತಿರ ಬಂದಳು.

"ಸುಬ್ಬಣ್ಣ, ಜೀಪ್ ಆ ಬಿಳಿ ಗುರ್ತಿನ್ ಮೇಲ್ ನಿಲ್ಸಿ."

"ನನ್ ಜೀಪಿನ್ ಮೇಲೇ ಇಳ್ದ್ರೆ?"

"ನಿಮ್ಗೆ ಕೈ ಮುಗಿತೆ. ಅದ್ರಲ್ಲಿ ಐದ್ ಜನ ಇದ್ದ್ರ್."

ಸುಬ್ಬ ಜೀಪು ನಿಲ್ಲಿಸಿ ದೂರ ಓಡಿದ. ಕಾಡಿನ ಮೇಲಿಂದ ಸದ್ದು ಬಂತು. ರತ್ನ ಜೀಪಿನ ಬಾನೆಟ್ ಹತ್ತಿ ಎರಡೂ ಕೈ ಬೀಸಿದಳು. ಹೆಲಿಕಾಪ್ಟರ್ ತಗ್ಗುತ್ತಲೇ ಬಂತು. ಹಗ್ಗಕ್ಕೂ ಅದಕ್ಕೂ ತೆಂಗಿನ ಮರದುದ್ದವೂ ಉಳಿದಿಲ್ಲ ಎನ್ನಿಸಿ ಅವಳು ಕಣ್ಣು ಮುಚ್ಚಿದಳು. ತೆರೆದಾಗ ಅದು ಮೂತಿ ಎತ್ತಿ ಹಿಂದಕ್ಕೆ ತಿರುಗಿತ್ತು. ಕುಂದಾಪುರದ ಮೈದಾನದಲ್ಲಿ ಇಳಿಯಿತಂತೆ.

ಮಧ್ಯಾಹ್ನ ಪ್ರೇಮಾನಂದ ಬಂದ. "ಎಂತ ಆಯ್ತ್ ಅಂದ್ಹೇಳಿ ಅಡ್ಡ ಹಾಕಿದ್ದ್?"

"ಎಂತ ಆಗ್ಲಿಲ್ಲ."

"ಮತ್ತೆ?"

ಆಗದೇ ಇದ್ದದ್ದನ್ನು ಅವಳು ಹೇಗೆ ತೋರಿಸಿಯಾಳು? "ಒಂದ್ಸಲ ಬಂದ್ ಹಗ್ಗ ಕಾಣಿ," ಎಂದು ಅಂಗಲಾಚಿದಳು. ಅವನು ಕದಲಲಿಲ್ಲ. ನಾಳೆಯಿಂದ ಬರಬೇಡ ಎಂದ. ಮೂರು ಗಂಟೆಗೆ ಅದೇ ಪೈಲಟ್ ಇನ್ನೊಂದು ಸಲ ಬರುವವನಿದ್ದ.

ಕೆಲಸ ಹೋದೀತೆಂಬ ಹೆದರಿಕೆಗೆ ಇಷ್ಟು ದಿನ ಮುಟ್ಟದ, ತರಬೇತಿಯಲ್ಲಿ ಆ ಅಧಿಕಾರಿ ಕೊಟ್ಟಿದ್ದ ದೆಹಲಿಯ ನಂಬರಿಗೆ ರತ್ನ ಬಸ್ ಸ್ಟ್ಯಾಂಡಿನಲ್ಲಿ ನಿಂತು ಫೋನ್ ಮಾಡಿದಳು. ಬಾರದ ಹಿಂದಿಯಲ್ಲಿ ಹಗ್ಗ, ಗುಡ್ಡ, ಮೂರು ಗಂಟೆ ಎಂದು ಮತ್ತೆ ಮತ್ತೆ ಹೇಳಿದಳು. ಹತ್ತು ನಿಮಿಷಕ್ಕೆ ಅಲ್ಲಿಂದಲೇ ಫೋನ್ ಬಂತು: ಹಾರಾಟ ನಿಲ್ಲಿಸಿದೆ, ಹಗ್ಗ ತೆಗೆಯುವವರೆಗೆ ಇಲ್ಲ.

ಹಗ್ಗ ನಾಲ್ಕನೆಯ ದಿನ ಇಳಿಯಿತು. ರತ್ನಳನ್ನು ಯಾರೂ ಕೆಲಸಕ್ಕೆ ಕರೆಯಲಿಲ್ಲ.